ಶುಗರ್ ‘ಬಾರ್ಡರ್‌’ನಲ್ಲಿದೆ ಅಂದರು, ಈಗ ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ಅರಸೀಕೆರೆ ಹತ್ತಿರದ ಊರು, ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ತುಂಬಾ ಸುಸ್ತು ಅಂತ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯಲ್ಲಿ 112, ತಿಂಡಿ ತಿಂದು ಎರಡು ಗಂಟೆಗೆ 158, ಎಚ್‌ಬಿಎ1ಸಿ 6.1, ಹಿಮೋಗ್ಲೋಬಿನ್ 9.6 ಬಂದಿದೆ. ‘ಶುಗರ್ ಬಾರ್ಡರ್‌ನಲ್ಲಿದೆ, ಹುಷಾರು’ ಅಂದರು, ಅಷ್ಟೇ. ಎತ್ತರ 155 ಸೆಂ.ಮೀ., ತೂಕ 64 ಕೆ.ಜಿ. ಎರಡನೇ ಬಸುರಿಯಲ್ಲಿ ಶುಗರ್ ಬಂದು ಹೆರಿಗೆ ಆದ ಮೇಲೆ ಹೋಗಿತ್ತು. ಅಮ್ಮನಿಗೆ ಶುಗರ್‌ನಿಂದ ಕಾಲಿನ ಒಂದು ಬೆರಳು ತೆಗೆದಿದ್ದಾರೆ. ನಮ್ಮ ಯಜಮಾನರು ‘ಬಾರ್ಡರ್ ತಾನೆ, ಏನೂ ಆಗಲ್ಲ’ ಅಂತಾರೆ. ಪಕ್ಕದ ಮನೆಯವರು ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ತಿನ್ನಿ ಅಂತಾರೆ. ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿಕೊಳ್ಳುತ್ತಿದ್ದೇನೆ. ಮಾತ್ರೆ ಒಮ್ಮೆ ಶುರು ಮಾಡಿದರೆ ಸಾಯೋತನಕ ಬಿಡೋಕಾಗಲ್ಲವಂತೆ, ನಿಜವೇ? ಮುಂದಿನ ತಿಂಗಳು ಅಕ್ಕನ ಮಗಳ ಮದುವೆ ಬೇರೆ ಇದೆ. ಹತ್ತು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಉತ್ತರ: ಮೊದಲು ನಿದ್ದೆ ಮಾಡಿ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ದಿನಾ ನಿದ್ದೆಗೆಟ್ಟರೆ ಬೆಳಗಿನ ಶುಗರ್ ಇನ್ನಷ್ಟು ಏರುತ್ತದೆ. ಇವತ್ತು ರಾತ್ರಿ ನೀವು ಹೆದರಬೇಕಾದ ಸಂಖ್ಯೆ ಆ ರಿಪೋರ್ಟಿನಲ್ಲಿ ಒಂದೂ ಇಲ್ಲ. ಹಾಗಂತ ಮಡಚಿ ಬೀರುವಿನಲ್ಲಿ ಇಟ್ಟು ಮರೆತುಬಿಡುವ ರಿಪೋರ್ಟೂ ಅಲ್ಲ.

ನಿಮಗೆ ಈಗ ಸಕ್ಕರೆ ಕಾಯಿಲೆ ಬಂದಿಲ್ಲ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಡಯಾಬಿಟಿಸ್. ಎಚ್‌ಬಿಎ1ಸಿ 5.7ರ ಒಳಗಿದ್ದರೆ ಸರಿ, 6.5 ಮುಟ್ಟಿದರೆ ಡಯಾಬಿಟಿಸ್. ಅದೂ ಯಾವ ತೊಂದರೆಯೂ ಕಾಣದವರಲ್ಲಿ ಒಂದೇ ಸಲದ ಒಂದೇ ಪರೀಕ್ಷೆ ನೋಡಿ ಹೇಳುವಂತಿಲ್ಲ, ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ನೀವು ಈ ಎರಡರ ನಡುವೆ ಇದ್ದೀರಿ. ಡಾಕ್ಟರುಗಳು ಇದನ್ನು ಪ್ರಿ-ಡಯಾಬಿಟಿಸ್ ಅಂತಾರೆ. ‘ಬಾರ್ಡರ್’ ಅನ್ನುವ ಮಾತು ನನಗೆ ಅಷ್ಟು ಇಷ್ಟವಿಲ್ಲ. ಆ ಮಾತು ಕೇಳಿದ ಕೂಡಲೇ ನಿಮ್ಮ ಯಜಮಾನರ ಹಾಗೆ ‘ಇನ್ನೂ ಈ ಕಡೆನೇ ಇದ್ದೀವಲ್ಲ’ ಅನ್ನಿಸಿಬಿಡುತ್ತದೆ. ದೇಹದ ಒಳಗೆ ಗೆರೆ ಎಳೆದು ಆ ಕಡೆ, ಈ ಕಡೆ ಅಂತ ಏನೂ ಇಲ್ಲ. ಇದು ಇಳಿಜಾರು. ನೀವು ಅದರ ಮೇಲ್ಗಡೆ ನಿಂತಿದ್ದೀರಿ, ಹತ್ತಿ ವಾಪಸ್ ಬರುವುದು ಇಲ್ಲಿಂದಲೇ ಸುಲಭ.

ಸುಮ್ನೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಊರಿನದೇ ಲೆಕ್ಕ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಗಡಿಯಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಶೇಷವಾಗಿ ಏನೂ ಹೇಳದೆ ಬಿಟ್ಟವರಲ್ಲಿ 100ಕ್ಕೆ 55 ಜನ ಮೂರೇ ವರ್ಷದಲ್ಲಿ ಡಯಾಬಿಟಿಸ್‌ಗೆ ಜಾರಿದರು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ ಲಾಭ ಇನ್ನೂ ಜಾಸ್ತಿ ಕಂಡಿತ್ತು. ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ 100ಕ್ಕೆ 7ರಷ್ಟು ಇಳಿಕೆ, ಇಷ್ಟನ್ನು ಗುರಿ ಇಟ್ಟುಕೊಂಡವರಲ್ಲಿ ಡಯಾಬಿಟಿಸ್ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ನಮ್ಮವರು ಬೇಗ ಜಾರುತ್ತಾರೆ, ಅದಕ್ಕೇ ನಾವು ಬೇಗ ಎಚ್ಚೆತ್ತುಕೊಳ್ಳಬೇಕು. ಈ ಎರಡು ಲೆಕ್ಕಗಳನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಈಗ ನಿಮ್ಮ ರಿಪೋರ್ಟಿನಲ್ಲಿ ಯಾರೂ ಮಾತಾಡದ ಒಂದು ಸಂಖ್ಯೆಗೆ ಬರುತ್ತೇನೆ, ಹಿಮೋಗ್ಲೋಬಿನ್ 9.6. ಅಂದರೆ ನಿಮಗೆ ರಕ್ತ ಕಡಿಮೆ ಇದೆ. ನಿಮ್ಮ ಸುಸ್ತಿಗೆ ಕಾರಣ ಬಹುಶಃ ಶುಗರ್ ಅಲ್ಲ, ಇದು. 6.1ರ ಲೆಕ್ಕವನ್ನೂ ಇದೇ ಸ್ವಲ್ಪ ಕೆಡಿಸಿರಬಹುದು. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣಗಳಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನುವ ಅಳತೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಜನ ಇದನ್ನು ‘ಮೂರು ತಿಂಗಳ ಶುಗರ್’ ಅಂತಾರೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಹೊಸ ಕಣಗಳು ನಿಧಾನವಾಗಿ ಹುಟ್ಟುತ್ತವೆ. ಹಳೆಯ ಕಣಗಳೇ ಜಾಸ್ತಿ ದಿನ ಓಡಾಡುತ್ತಾ ಸಕ್ಕರೆ ಅಂಟಿಸಿಕೊಳ್ಳುತ್ತಿರುತ್ತವೆ. ಹಾಗಾಗಿ ಸಂಖ್ಯೆ ಇರುವುದಕ್ಕಿಂತ ಸ್ವಲ್ಪ ಮೇಲೆ ತೋರಬಹುದು. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಮುಟ್ಟಿನ ಸ್ರಾವ ಜಾಸ್ತಿಯಾಗಿ ರಕ್ತ ಕಡಿಮೆಯಾಗುವುದು ತುಂಬಾ ಕಾಣುತ್ತೇವೆ. ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಹೇಳಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ಶುರು ಮಾಡಿ. ಮಾತ್ರೆಯ ಜೊತೆಗಾಗಲಿ ಊಟ ಆದ ತಕ್ಷಣವಾಗಲಿ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಹಾಗಾದರೆ ಶುಗರ್ ಬಾರ್ಡರ್ ಅನ್ನುವುದೇ ಸುಳ್ಳಾ? ಅಲ್ಲ. ಖಾಲಿ ಹೊಟ್ಟೆಯ 112ಕ್ಕೂ ಹಿಮೋಗ್ಲೋಬಿನ್‌ಗೂ ಸಂಬಂಧವಿಲ್ಲ, ಅದು ಜಾಸ್ತಿಯೇ. ಬಸುರಿಯಲ್ಲಿ ಶುಗರ್ ಬಂದು ಹೋಗಿತ್ತು ಅಂದಿರಿ. ಹಾಗೆ ಬಂದವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಹೆರಿಗೆ ಆದ ಮೇಲೂ ಅವರು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಇದನ್ನು ನಿಮಗೆ ಆಗಲೇ ಯಾರಾದರೂ ಹೇಳಬೇಕಿತ್ತು. ಹೇಳಿಲ್ಲ ಅಂದರೆ ಅದು ನಿಮ್ಮ ತಪ್ಪಲ್ಲ.

ಅನುಮಾನ ಪೂರ್ತಿ ಪರಿಹಾರ ಆಗಬೇಕು ಅಂದರೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮಾಡಿಸಿ. ರಾತ್ರಿ ಊಟ ಆಗಿ ಎಂಟು-ಹತ್ತು ಗಂಟೆ ಏನೂ ತಿನ್ನದೆ ಹೋಗಬೇಕು. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140ರ ಒಳಗೆ ಬಂದರೆ ಒಳ್ಳೆಯದು, 140ರಿಂದ 199ರವರೆಗೆ ಗಡಿ, 200 ಆದರೆ ಡಯಾಬಿಟಿಸ್. ನಿಮ್ಮ 158 ತಿಂಡಿ ತಿಂದ ಮೇಲಿನದು. ಏನು ತಿಂದಿರಿ, ಎಷ್ಟು ತಿಂದಿರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಪರೀಕ್ಷೆಗೆ ಮುಂಚಿನ ಮೂರು ದಿನ ಎಂದಿನಂತೆ ಅನ್ನ, ಮುದ್ದೆ ಊಟ ಮಾಡಿಕೊಂಡೇ ಇರಿ. ಹೆದರಿ ಪಥ್ಯ ಮಾಡಿ ಹೋದರೆ ಫಲಿತಾಂಶ ತಪ್ಪಬಹುದು.

‘ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ 112 ಹೇಗೆ ಬಂತು?’ ಅಂತ ನನ್ನ ಹತ್ತಿರ ದಿನಾ ಯಾರಾದರೂ ಕೇಳುತ್ತಾರೆ. ನಮ್ಮ ಲಿವರ್ ಒಂದು ಕಣಜ ಇದ್ದಂತೆ. ಹಗಲು ತುಂಬಿಸಿಕೊಂಡದ್ದನ್ನು ರಾತ್ರಿ ನಾವು ಮಲಗಿದ್ದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ಎಷ್ಟು ಬಿಡಬೇಕು ಅಂತ ಹತೋಟಿ ಮಾಡುವುದು ಇನ್ಸುಲಿನ್. ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡರೆ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಬಿಡುತ್ತಲೇ ಇರುತ್ತದೆ. ಬೆಳಗಿನ ಶುಗರ್ ಏರುವುದು ಹೀಗೆ. ಊಟದ ನಂತರದ ಶುಗರ್‌ನ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದ್ದು ತೊಡೆ, ಕಾಲಿನ ಮಾಂಸಖಂಡ. ದಿನವಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಲ್ಲಿ ಅವಕ್ಕೆ ಕೆಲಸವೇ ಇಲ್ಲ.

‘ನಾನೇನು ಅಷ್ಟು ದಪ್ಪ ಇಲ್ಲವಲ್ಲ’ ಅಂತ ನಿಮಗೆ ಅನ್ನಿಸಬಹುದು. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ಅಂತ ಇಬ್ಬರು ಸ್ನೇಹಿತರು 2004ರಲ್ಲಿ ತಮ್ಮದೇ ಫೋಟೋ, ತಮ್ಮದೇ ಅಳತೆ ಹಾಕಿ ಒಂದು ಪುಟ್ಟ ಲೇಖನ ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ನಮ್ಮ ಯಾಜ್ಞಿಕ್ ಅವರಿಗೆ ಶೇ. 21.2! ನಮ್ಮ ಜನ ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಸೇರಿರುತ್ತದೆ, ಅದರಲ್ಲೂ ಹೊಟ್ಟೆಯ ಸುತ್ತ. ಅದಕ್ಕೇ ಭಾರತೀಯರಿಗೆ ಸೂಚ್ಯಂಕದ ಮಿತಿಯನ್ನು 23ಕ್ಕೆ ಇಳಿಸಿದ್ದಾರೆ. ನಿಮ್ಮದು 26.6 ಆಗುತ್ತದೆ. ತಕ್ಕಡಿಗಿಂತ ಟೇಪು ಒಳ್ಳೆಯದು. ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಇವತ್ತೇ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಯಜಮಾನರದ್ದೂ ಅಳೆಯಿರಿ.

ಇನ್ನು ಊಟದ ವಿಷಯ. ಮೂರು ಹೊತ್ತೂ ಮುದ್ದೆ ಅನ್ನುವ ಸಲಹೆ ಬೇಡ. ರಾಗಿ ಒಳ್ಳೆಯ ಧಾನ್ಯ. ನಾರು, ಸುಣ್ಣದ ಅಂಶ ಎಲ್ಲಾ ಇದೆ. ಆದರೆ ಅದೂ ಧಾನ್ಯವೇ, ಔಷಧಿ ಅಲ್ಲ. ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಹಿಡಿಯುತ್ತದೆ ಅಂದುಕೊಂಡರೆ ಅದರಲ್ಲಿ ಸುಮಾರು 55 ಗ್ರಾಂ ಪಿಷ್ಟ ಇರುತ್ತದೆ. ಒಂದು ಕಪ್ ಅನ್ನದಲ್ಲಿ ಸುಮಾರು 40 ಗ್ರಾಂ. ನಮ್ಮ ಕಡೆ ಮುದ್ದೆ ಮುಗಿದ ಮೇಲೆ ‘ಮಜ್ಜಿಗೆಗೆ ಒಂದು ಹಿಡಿ ಅನ್ನ’ ಹಾಕಿಸಿಕೊಳ್ಳುವುದು ವಾಡಿಕೆ. ಅಲ್ಲಿಗೆ ಎರಡೂ ಸೇರಿತು. ಮುದ್ದೆ ಇದ್ದ ಹೊತ್ತು ಅನ್ನ ಬೇಡ, ಅನ್ನ ಇದ್ದ ಹೊತ್ತು ಮುದ್ದೆ ಬೇಡ. ಇಷ್ಟು ಸಾಕು. ರಾಗಿ ಗಂಜಿ, ಮಾಲ್ಟು ಮಾತ್ರ ಬೇಡವೇ ಬೇಡ. ತೆಳ್ಳಗೆ ಕುದಿಸಿ ಕುಡಿದದ್ದು ರಕ್ತಕ್ಕೆ ಸರಸರ ಏರುತ್ತದೆ.

ಅನ್ನ ಎಷ್ಟು ತಿಂತೀರಿ ಅಂತ ಕೇಳಿದರೆ ಎಲ್ಲರೂ ‘ಸ್ವಲ್ಪ’ ಅಂತಾರೆ. ಒಮ್ಮೆ ನಿಮ್ಮ ವಯಸ್ಸಿನವರೇ ಒಬ್ಬರು ಈ ‘ಸ್ವಲ್ಪ’ ಎಷ್ಟು ಅಂತ ತೋರಿಸಲು ಮನೆಯಿಂದ ಅನ್ನ ಬಡಿಸುವ ಸೌಟನ್ನೇ ಚೀಲದಲ್ಲಿ ತಂದಿದ್ದರು. ಹಳೇ ಹಿತ್ತಾಳೆಯದು, ಅತ್ತೆಯ ಕಾಲದ್ದು. ಅಕ್ಕಿ ತುಂಬಿಸಿ ಲೋಟದಲ್ಲಿ ಅಳೆದು ನೋಡಿದೆವು. ಒಂದು ಸೌಟಿಗೆ ಹತ್ತಿರ ಹತ್ತಿರ ಒಂದು ಕಪ್. ಸಾರಿಗೆ ಎರಡು, ಮಜ್ಜಿಗೆಗೆ ಒಂದು. ಆಮೇಲೆ ಅವರು ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು: ‘ಎಲ್ಲರದೂ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದದ್ದನ್ನ ನಾನೇ ಹಾಕ್ಕೊಂತೀನಿ ಸಾರ್, ಚೆಲ್ಲೋಕೆ ಮನಸ್ಸು ಬರಲ್ಲ.’ ನಾನು ಆ ಮಾತನ್ನು ಇವತ್ತಿಗೂ ಮರೆತಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ತಾಯಂದಿರ ಶುಗರ್ ಏರುತ್ತಿರುವುದು ಈ ಪಾತ್ರೆ ತಳದ ಅನ್ನದಿಂದ. ಪಲ್ಯ, ಕಾಳು, ಮೊಟ್ಟೆ ಎಲ್ಲ ಮೊದಲು ಕೂತವರಿಗೆ ಖಾಲಿ. ಕೊನೆಗೆ ಕೂತವಳಿಗೆ ಅನ್ನ ಮತ್ತು ತಿಳಿಸಾರು. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ದಯವಿಟ್ಟು ಇದೊಂದನ್ನು ಬದಲಿಸಿ. ಎಲ್ಲರ ಜೊತೆ ಕೂತು ಊಟ ಮಾಡಿ. ಅರ್ಧ ಪಾವು ಅಕ್ಕಿ ಕಡಿಮೆ ಹಾಕಿ.

ಏನು ತಿನ್ನಬೇಕು ಅಂತ ಹುಡುಕಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ಸೀಮೆಯ ಬಸ್ಸಾರು ಇದೆಯಲ್ಲ, ಅದಕ್ಕಿಂತ ಒಳ್ಳೆಯ ಊಟವನ್ನು ನಾನು ಯಾವ ಡಯಟ್ ಚಾರ್ಟಿನಲ್ಲೂ ಬರೆದುಕೊಡಲಾರೆ. ಸೊಪ್ಪು, ಕಾಳು ಬೇಯಿಸಿ ಬಸಿದು, ಆ ನೀರಿಗೆ ಖಾರ ಹಾಕಿ ಸಾರು, ಉಳಿದದ್ದು ಪಲ್ಯ. ಹುರುಳಿ, ಅಲಸಂದೆ, ಹೆಸರುಕಾಳು ಯಾವುದಾದರೂ ಆದೀತು. ಆದರೆ ಆ ಪಲ್ಯವನ್ನು ನಾವು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಕೊಂಡು ನಡುವೆ ದೊಡ್ಡ ಮುದ್ದೆ ಇಡುತ್ತೇವೆ. ಅದನ್ನು ತಿರುಗಿಸಿ. ಒಂದು ಬಟ್ಟಲು ಪಲ್ಯ ಮೊದಲು ತಿಂದು ಮುಗಿಸಿ, ಆಮೇಲೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಬೇಕಾದಷ್ಟು ಸಾರು. ಸೊಪ್ಪು, ಕಾಳು ಮೊದಲು ಹೋಗಿ ಪಿಷ್ಟ ಕೊನೆಗೆ ಹೋದರೆ ಊಟದ ನಂತರದ ಶುಗರ್ ಅಷ್ಟು ಎತ್ತರಕ್ಕೆ ಏರುವುದಿಲ್ಲ.

ಬೆಳಗಿನ ತಿಂಡಿಯಲ್ಲಿ ನಾವು ಜಾಸ್ತಿ ಸೋಲುತ್ತೇವೆ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ, ಎಲ್ಲಾ ಬರೀ ಪಿಷ್ಟ. ಬಿಡಿ ಅನ್ನುವುದಿಲ್ಲ, ಅರ್ಧ ಮಾಡಿ ಜೊತೆಗೆ ಮೊಳಕೆ ಕಾಳಿನ ಉಸಲಿಯೋ, ಕೋಸಂಬರಿಯೋ, ಬೇಯಿಸಿದ ಮೊಟ್ಟೆಯೋ ಸೇರಿಸಿ. ವಾರಕ್ಕೆ ಎರಡು ದಿನ ಹೆಸರುಕಾಳಿನ ದೋಸೆ ಮಾಡಿ, ಮಕ್ಕಳೂ ತಿನ್ನುತ್ತಾರೆ. ಹಣ್ಣು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಬೇಡ. ಶುಗರ್‌ನವರಿಗೆ ಅಂತಲೇ ಮಾರುವ ಬಿಸ್ಕತ್ತಿಗೆ ದುಡ್ಡು ಹಾಕಬೇಡಿ, ಅದರಲ್ಲೂ ಹಿಟ್ಟೇ ಇರುವುದು.

ಬೆಲ್ಲದ ವಿಷಯ ಹೇಳಲು ನನಗೆ ಸ್ವಲ್ಪ ಬೇಜಾರು, ಯಾಕೆಂದರೆ ನೀವು ಒಳ್ಳೆಯದಾಗಲಿ ಅಂತಲೇ ಮಾಡಿದ್ದೀರಿ. ರಕ್ತಕ್ಕೆ ಬೆಲ್ಲ, ಜೇನುತುಪ್ಪ, ಸಕ್ಕರೆ ಎಲ್ಲಾ ಒಂದೇ. ಚಮಚಕ್ಕೆ ಐದು ಗ್ರಾಂ ಅಂದುಕೊಳ್ಳಿ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಅಂದರೆ ತಿಂಗಳಿಗೆ 900 ಗ್ರಾಂ ಆಯಿತು. ಲೆಕ್ಕ ಬರೆಯುವವರು ನೀವು, ನಾನು ಹೆಚ್ಚು ಹೇಳಬೇಕಿಲ್ಲ ಅಲ್ವಾ? ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತಾ ಬನ್ನಿ, ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಗಲಕಾಯಿ ಪಲ್ಯ, ನೆನೆಸಿದ ಮೆಂತ್ಯ ಇಷ್ಟವಾದರೆ ತಿನ್ನಿ, ಆದರೆ ಅದನ್ನು ನಂಬಿಕೊಂಡು ಉಳಿದದ್ದನ್ನು ಬಿಡಬೇಡಿ.

ನಡಿಗೆಗೆ ಬೆಳಗ್ಗೆ ಒಂದು ಗಂಟೆ ಸಿಗುವುದಿಲ್ಲ ಅಂತ ಗೊತ್ತು. ಡಬ್ಬಿ ಕಟ್ಟಬೇಕು, ಮಕ್ಕಳನ್ನು ಕಳಿಸಬೇಕು, ನೀವೂ ಹೊರಡಬೇಕು. ಹಾಗಾಗಿ ನಾನು ಕೇಳುವುದು ಒಂದೊಂದು ಊಟದ ಮೇಲೆ ಹದಿನೈದು ನಿಮಿಷ. ನಡೆಯುವ ಕಾಲು ಹೆಚ್ಚು ಇನ್ಸುಲಿನ್ ಕೇಳದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಊಟ ಆದ ಕೂಡಲೇ ನಡೆದರೆ ಲಾಭ ಜಾಸ್ತಿ. ರಾತ್ರಿಯ ಹದಿನೈದು ನಿಮಿಷ ಮಾತ್ರ ತಪ್ಪಿಸಬೇಡಿ. ಬೀದಿಯಲ್ಲಿ ಕತ್ತಲೆ, ನಾಯಿ ಕಾಟ ಇದ್ದರೆ ಅಂಗಳದಲ್ಲೇ, ತಾರಸಿಯ ಮೇಲೇ ಓಡಾಡಿ. ಊಟ ಒಂಬತ್ತೂವರೆಗೆ ಆಗುತ್ತಿದ್ದರೆ ಎಂಟಕ್ಕೆ ತನ್ನಿ. ಆಫೀಸಿನಲ್ಲಿ ಗಂಟೆಗೊಮ್ಮೆ ಎದ್ದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ತೊಡೆಗೆ ಬಲ ಬರುತ್ತದೆ. ತೂಕ ನಾಲ್ಕೂವರೆ ಕೆ.ಜಿ. ಇಳಿಸುವುದು ಗುರಿ. ಆರು ತಿಂಗಳು ತೆಗೆದುಕೊಂಡರೂ ಪರವಾಗಿಲ್ಲ.

ಮಾತ್ರೆ ಬಗ್ಗೆ. ಗಡಿಯಲ್ಲಿರುವವರಿಗೆ ಕೊಡುವುದಿದ್ದರೆ ಅದು ಸಾಮಾನ್ಯವಾಗಿ ಮೆಟ್‌ಫಾರ್ಮಿನ್. ಹಳೆಯ ಮಾತ್ರೆ, ಬೆಲೆಯೂ ಕಡಿಮೆ. ಶುರು ಮಾಡಿದರೆ ಬಿಡಲು ಆಗುವುದಿಲ್ಲ ಅನ್ನುವುದು ಸುಳ್ಳು. ಅದೇನು ಚಟ ಹಿಡಿಸುವ ಔಷಧಿ ಅಲ್ಲ. ಸಂಖ್ಯೆ ಸರಿಹೋಗಿ, ಊಟ ನಡಿಗೆ ಕೈ ಹಿಡಿದರೆ ಡಾಕ್ಟರೇ ನಿಲ್ಲಿಸುತ್ತಾರೆ. ಎಲ್ಲರಿಗೂ ಇದು ಬೇಕಿಲ್ಲ, ಆದರೆ ನಿಮ್ಮ ಹಾಗೆ ಬಸುರಿಯಲ್ಲಿ ಶುಗರ್ ಬಂದವರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದ ಆ ಅಧ್ಯಯನದಲ್ಲಿ ಇಂಥ ಹೆಂಗಸರಿಗೆ ಮಾತ್ರೆಯಿಂದ ಅಪಾಯ ಅರ್ಧದಷ್ಟು ಇಳಿದಿತ್ತು, ನಡಿಗೆ-ಪಥ್ಯದಿಂದಲೂ ಹತ್ತಿರ ಹತ್ತಿರ ಅಷ್ಟೇ. ನಿಮ್ಮ ಡಾಕ್ಟರು ಈಗಲೇ ಬರೆದುಕೊಟ್ಟರೆ ಹೆದರದೆ ತೆಗೆದುಕೊಳ್ಳಿ. ನಾನಾಗಿದ್ದರೆ ಮೊದಲು ರಕ್ತ ಸರಿಮಾಡಿ, ಮೂರು ತಿಂಗಳು ಊಟ-ನಡಿಗೆ ನೋಡಿ, ಆಮೇಲೆ ತೀರ್ಮಾನ ಮಾಡುತ್ತಿದ್ದೆ. ಈ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ವಿಟಮಿನ್ ಕಡಿಮೆಯಾಗಿದೆಯೇ ಅಂತ ಪರೀಕ್ಷೆ ಮಾಡಿಸುತ್ತಿರಬೇಕು. ಮಂಡಿನೋವಿಗೆ ಅಂತ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿನ್ನುತ್ತಿದ್ದರೆ ನಿಲ್ಲಿಸುವ ಮುಂಚೆ ಡಾಕ್ಟರಿಗೆ ತೋರಿಸಿ. ಅಂಥದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಅದು ಶುಗರ್ ಏರಿಸುತ್ತದೆ. ದಿಢೀರ್ ಬಿಡುವುದೂ ಒಳ್ಳೆಯದಲ್ಲ.

ಅಮ್ಮನ ಬೆರಳಿನ ಮಾತು ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿದೆ ಅಂತ ಪತ್ರ ಓದಿದಾಗಲೇ ಅನ್ನಿಸಿತು. ಹಾಗಾಗುವುದು ಸಾಮಾನ್ಯವಾಗಿ ಜಾಸ್ತಿ ಶುಗರ್ ವರ್ಷಗಟ್ಟಲೆ ಹತೋಟಿಯಿಲ್ಲದೆ ಇದ್ದು, ಕಾಲಿನ ನರಗಳು ಜೋಮು ಹಿಡಿದು, ಗಾಯ ಆದದ್ದೇ ಗೊತ್ತಾಗದೆ ಹೋದಾಗ. ನೀವು ಆ ಜಾಗದಿಂದ ತುಂಬಾ ದೂರ ಇದ್ದೀರಿ, ಮತ್ತು ನಿಮಗೆ ಮುಂಚೆಯೇ ಗೊತ್ತಾಗಿದೆ. ನಿಮ್ಮ ತಾಯಿಗೆ ಆ ಅವಕಾಶ ಸಿಕ್ಕಿರಲಿಲ್ಲವೇನೋ. ದಿನಾ ರಾತ್ರಿ ಅವರ ಎರಡೂ ಪಾದಗಳನ್ನು, ಬೆರಳ ಸಂದಿಗಳನ್ನೂ ಸೇರಿಸಿ, ಬೆಳಕಿನಲ್ಲಿ ನೋಡಿ. ಮನೆಯೊಳಗೂ ಚಪ್ಪಲಿ ಹಾಕಿಸಿ.

ಮೂರು ತಿಂಗಳು ಬಿಟ್ಟು ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ ಮೂರನ್ನೂ ಒಟ್ಟಿಗೆ ಮಾಡಿಸಿ. ಕಬ್ಬಿಣದ ಮಾತ್ರೆಯಿಂದಲೇ ಎಚ್‌ಬಿಎ1ಸಿ ಸ್ವಲ್ಪ ಇಳಿದಿರುತ್ತದೆ, ಅದೊಂದನ್ನೇ ನೋಡಿ ಗೆದ್ದೆ ಅಂದುಕೊಳ್ಳಬೇಡಿ. ಖಾಲಿ ಹೊಟ್ಟೆಯದೂ 100ರ ಹತ್ತಿರ ಬಂದಿರಬೇಕು, ಟೇಪಿನ ಅಳತೆಯೂ ಇಳಿದಿರಬೇಕು. ಇದರ ಜೊತೆ ಒಮ್ಮೆ ಬಿ.ಪಿ., ಕೊಲೆಸ್ಟ್ರಾಲ್ ನೋಡಿಸಿ. ಅಷ್ಟರೊಳಗೆ ಬಾಯಾರಿಕೆ ವಿಪರೀತ ಆದರೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವಂತಾದರೆ, ಪ್ರಯತ್ನ ಪಡದೆ ತೂಕ ಇಳಿದರೆ, ಮೂರು ತಿಂಗಳು ಕಾಯದೆ ಅವತ್ತೇ ಹೋಗಿ.

ಮದುವೆಗೆ ಖಂಡಿತ ಹೋಗಿ. ಎಲೆಗೆ ಹಾಕಿದ ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಇನ್ನೊಮ್ಮೆ ಹಾಕಿಸಿಕೊಳ್ಳಿ. ಒಂದು ಹೋಳಿಗೆ ತುಪ್ಪ ಹಾಕಿಕೊಂಡು ಖುಷಿಯಾಗಿ ತಿನ್ನಿ. ಅದಾದ ಮೇಲೆ ಅನ್ನ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ. ಊಟ ಮುಗಿಸಿ ಕುರ್ಚಿ ಹುಡುಕಬೇಡಿ, ಅಕ್ಕನ ಜೊತೆ ಛತ್ರದಲ್ಲೇ ಓಡಾಡಿಕೊಂಡು ನೆಂಟರನ್ನು ಮಾತಾಡಿಸುತ್ತಾ ಇರಿ.